ಎರಡು ಚಮಚ ನೀರು: ಮರದ ವೇಪರೈಜರ್ ಯಾಕೆ ಸೀಳುತ್ತದೆ

(ಬೆಂಗಳೂರಿನಲ್ಲಿ ಮರಗೆಲಸದ ಹವ್ಯಾಸಿಗಳು ಜುಲೈ ತಿಂಗಳ ಒಂದು ಭಾನುವಾರ ಸೇರಿದ್ದಾಗ ನಾನು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ಮರದ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ತೇಗದ ಕೊಂಬೆ. ಲೋಟದಷ್ಟು ಎತ್ತರ, ನಡುವೆ ಆರಪಾರ ತೂತು. ಮೇಲಿನ ಮುಖ ಬೆಳಕಿಗೆ ಹಿಡಿದು ನೋಡಿ. ತೂತಿನ ಅಂಚಿನಿಂದ ಹೊರಗಿನ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೀರು ಕಾಣುತ್ತದೆ. ಅದು ಬದಿಯಲ್ಲಿ ಕೆಳಕ್ಕೆ ಇಳಿದು, ಬುಡದ ಹತ್ತಿರ ಹೋಗಿ ಮಾಯವಾಗಿದೆ. ಇಷ್ಟೇನಾ ಅನ್ನಬೇಡಿ. ಜನವರಿಯಲ್ಲಿ ಇದೇ ಗೀರಿನೊಳಗೆ ನಾನು ನಾಲ್ಕು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ತೂರಿಸಿದ್ದೆ.

ಇದರ ಕಥೆ ಶುರುವಾಗಿದ್ದು ಅಮೆರಿಕದ ಡೆನ್ವರ್‌ನಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ. ಕೊಲೊರಾಡೊ ರಾಜ್ಯದಲ್ಲಿ 2012ರಲ್ಲಿ ಜನ ಮತ ಹಾಕಿ ಗಾಂಜಾ ಕಾನೂನುಬದ್ಧ ಮಾಡಿದರು, 2014ರ ಜನವರಿಯಲ್ಲಿ ಅಂಗಡಿಗಳೇ ತೆರೆದವು. ನಮ್ಮ ಪಕ್ಕದ ಮನೆಯಲ್ಲಿ ಅರವತ್ತು ದಾಟಿದ ಒಬ್ಬರಿದ್ದರು. ನಾನು ಗ್ಯಾರೇಜಿನಲ್ಲಿ ಮರ ಕಡೆಯುವುದನ್ನು ನೋಡಿದ್ದರು. ಒಂದು ದಿನ ಬಟ್ಟೆಯಲ್ಲಿ ಸುತ್ತಿಕೊಂಡು ಏನೋ ತಂದರು, ಪೆಟ್ಟಾದ ಹಕ್ಕಿ ಮರಿಯನ್ನು ತರುವ ಹಾಗೆ. ಬಿಚ್ಚಿದರೆ ಮೇಪಲ್ ಮರದ ವೇಪರೈಜರ್. ಮೇಲಿಂದ ಕೆಳಗೆ ಸೀಳಿತ್ತು. 'ಇನ್ನೂ ಮೂರು ತಿಂಗಳಾಗಿಲ್ಲ, ಬಿಸಿಗೆ ಒಡೆದುಹೋಯ್ತು' ಅಂದರು.

ಇಂಥದ್ದನ್ನು ನೀವು ನೋಡಿರಲಿಕ್ಕಿಲ್ಲ, ಸ್ವಲ್ಪ ಹೇಳಿಬಿಡುತ್ತೇನೆ. ಗಾಂಜಾದಂಥ ಸೊಪ್ಪನ್ನು ಸುಡದೆ, ಹೆಚ್ಚುಕಮ್ಮಿ 180ರಿಂದ 200 ಡಿಗ್ರಿಯ ಬಿಸಿ ಗಾಳಿ ಹಾಯಿಸಿ ಆವಿ ಎಬ್ಬಿಸುವ ಸಾಧನ ಇದು. ಮೇಜಿನ ಮೇಲೆ ಇಟ್ಟು ಬಳಸುವ ಮಾದರಿಗಳಲ್ಲಿ ಮರದ ಮೈ ಇರುವವು ಎರಡು ಬಗೆ. ಒಂದು ಪೆಟ್ಟಿಗೆ. ಕ್ಯಾಲಿಫೋರ್ನಿಯಾದ ವೇಪರ್ ಬ್ರದರ್ಸ್‌ನವರ ಮರದ ಡಬ್ಬಿ ಇದಕ್ಕೆ ಒಳ್ಳೆಯ ಉದಾಹರಣೆ. ಒಳಗೆ ಸೆರಾಮಿಕ್ ಹೀಟರ್, ಮುಂದೆ ಗಾಜಿನ ತುದಿ ಇರುವ ಕೊಳವೆ. ಇನ್ನೊಂದು ಬಗೆಗೆ ಅಲ್ಲಿನವರು 'ಲಾಗ್' ಅನ್ನುತ್ತಾರೆ. ಅಂದರೆ ದಿಮ್ಮಿ. ಗುಂಡಗೆ ಕಡೆದ ಮರದ ನಡುವೆ ತೂತು, ತೂತಿನಲ್ಲಿ ಲೋಹದ ಕೊಳವೆ, ಅದರೊಳಗೆ ಸಣ್ಣ ಹೀಟರ್. ಈ-ನ್ಯಾನೊ, ಅಂಡರ್‌ಡಾಗ್ ಅನ್ನುವ ಹೆಸರುಗಳು ಈ ಜಾತಿಯವು. ದೊಡ್ಡ ಕಾರ್ಖಾನೆಯ ಮಾಲಲ್ಲ, ಲೇತ್ ಇಟ್ಟುಕೊಂಡವರ ಕೈಕೆಲಸ. ನಮ್ಮ ನೆರೆಯವರದ್ದನ್ನು ಮಳೆ ಜಾಸ್ತಿ ಇರುವ ಅಮೆರಿಕದ ಪಶ್ಚಿಮ ಕರಾವಳಿಯ ಒಬ್ಬ ಕೈಕೆಲಸದವರು ಮಾಡಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ದೇಶದ ಮಾತೂ ಹೇಳಿಬಿಡಬೇಕು. 2019ರ ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ ಕಾಯ್ದೆ ಬಂದ ಮೇಲೆ ಇಂಥ ಸಾಧನಗಳನ್ನು ಇಲ್ಲಿ ತಯಾರಿಸುವುದು, ತರಿಸುವುದು, ಮಾರುವುದು ಎಲ್ಲ ಅಪರಾಧ. ನಿಕೋಟಿನ್ ಇರಲಿ ಬಿಡಲಿ, ಏನನ್ನಾದರೂ ಕಾಯಿಸಿ ಉಸಿರಿಗೆ ಎಳೆಯುವ ಆವಿ ಮಾಡಿದರೆ ಅದರ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ನಾನು ಇವತ್ತು ಯಾರಿಗೂ ವೇಪರೈಜರ್ ಮಾಡಲು ಹೇಳಿಕೊಡುತ್ತಿಲ್ಲ. ನನಗೆ ಬೇಕಾಗಿರುವುದು ಮರ. ಒಳಗಿನಿಂದ ಇಡೀ ದಿನ ಕಾಯುವ ಮರಕ್ಕೆ ಏನಾಗುತ್ತದೆ ಅನ್ನುವುದು. ಮೇಜಿನ ದೀಪ ಮಾಡುವವರಿಗೂ ಇದೇ ತಲೆನೋವು, ಅಲ್ವಾ?

ಊರಿಗೆ ವಾಪಸ್ ಬಂದ ಮೇಲೂ ಆ ಸೀಳು ತಲೆಯಲ್ಲೇ ಕೂತಿತ್ತು. ಬಿಸಿಗೆ ಒಡೆಯಿತು ಅನ್ನುವುದು ಸುಲಭದ ಮಾತು. ಆದರೆ ಬಿಸಿಗೆ ಮರ ಹಿಗ್ಗುತ್ತದೆ, ಅದೂ ತೀರಾ ಸ್ವಲ್ಪ. ಹಿಗ್ಗುವ ವಸ್ತು ಹೀಗೆ ಬಾಯಿ ಬಿಡುವುದಿಲ್ಲ. ಬಾಯಿ ಬಿಡಬೇಕಾದರೆ ಕುಗ್ಗಬೇಕು. ಹಾಗಾದರೆ ಕುಗ್ಗಿಸಿದ್ದು ಯಾರು?

ಜನವರಿಯಲ್ಲಿ ಎರಡು ತುಂಡು ಕಡೆದೆ. ಎರಡೂ ತೇಗ, 60 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಎತ್ತರ, ನಡುವೆ 22 ಮಿಲಿಮೀಟರ್ ತೂತು. ಒಂದು ಗೆಳೆಯರ ತೋಟದ ಕೊಂಬೆ, ತಿರುಳು, ಅಂದರೆ ಉಂಗುರಗಳ ಕೇಂದ್ರ, ನಟ್ಟನಡುವೆ. ನೀವು ಹಿಡಿದಿರುವುದು ಅದೇ. ಇನ್ನೊಂದು ಬಾಗಿಲ ಚೌಕಟ್ಟಿನ ಹಲಗೆಯಲ್ಲಿ ಉಳಿದ ತುಂಡಿನಿಂದ ಬಂದದ್ದು, ಅದರಲ್ಲಿ ತಿರುಳಿಲ್ಲ. ತೂತಿನೊಳಗೆ 15 ಓಮಿನ ಸಿಮೆಂಟ್ ರೆಸಿಸ್ಟರ್ ನಿಲ್ಲಿಸಿ, ಹಳೆಯ ಮೋಡೆಮ್ಮಿನ 12 ವೋಲ್ಟ್ ಅಡಾಪ್ಟರ್ ಕೊಟ್ಟೆ. 10 ವ್ಯಾಟಿಗೂ ಸ್ವಲ್ಪ ಕಡಿಮೆ. ಸೊಪ್ಪಿಲ್ಲ, ಗಾಜಿಲ್ಲ, ಸುಮ್ನೆ ಕಾಯುವ ಮರ. ಒಂದು ದಿನ ಬಿಟ್ಟು ಅಳೆದಾಗ ಒಳಗೋಡೆ 85 ಡಿಗ್ರಿ, ಹೊರಮೈ 43. ಕೈಯಲ್ಲಿ ಹಿಡಿದರೆ ಕಾಫಿ ಲೋಟದ ಹಾಗೆ ಹಿತವಾಗಿತ್ತು. ಮನೆಯವರು ಒಂದು ಸಲ ನೋಡಿ 'ಕರೆಂಟ್ ಬಿಲ್ ನೀವೇ ಕಟ್ಟಿ' ಅಂದು ಹೋದರು.

ಹಲಗೆಯ ತುಂಡನ್ನು ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಮೊದಲ ದಿನ 155 ಗ್ರಾಂ. ಎರಡು ವಾರದಲ್ಲಿ 146ಕ್ಕೆ ಬಂದು ನಿಂತಿತು. 9 ಗ್ರಾಂ ಹೋಯಿತು. ಅದು ನೀರು. ಎರಡು ಟೀ ಚಮಚಕ್ಕೂ ಕಡಿಮೆ.

ಆ ನೀರು ಎಲ್ಲಿತ್ತು? ಚೆನ್ನಾಗಿ ಹದವಾದ ಮರ ಅಂತ ನಾವು ಹೇಳುವುದೂ ಒಣಗಿ ಕಡ್ಡಿಯಾದ ಮರವಲ್ಲ. ಅದರ ಜೀವಕೋಶದ ಗೋಡೆಗಳಲ್ಲಿ ನೀರು ಅಂಟಿಕೊಂಡೇ ಇರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮರ ಹೀರುತ್ತದೆ, ಕಮ್ಮಿಯಾದರೆ ಬಿಡುತ್ತದೆ. ಗಾಳಿಯ ತೇವ 60 ಶೇಕಡಾ ಇದ್ದರೆ ಮರದ ಒಣ ತೂಕದ ಹತ್ತಿರಹತ್ತಿರ 11 ಶೇಕಡಾ ನೀರು ಅದರಲ್ಲಿರುತ್ತದೆ. ಗಾಳಿಯ ತೇವ 30ಕ್ಕೆ ಇಳಿದರೆ ಮರದ್ದು 6ಕ್ಕೆ ಇಳಿಯುತ್ತದೆ. ಹಸಿ ಮರದ ಲೆಕ್ಕ ಬೇರೆ. ಅದರಲ್ಲಿ ಮೊದಲು ಕೋಶದ ಪೊಳ್ಳಿನ ನೀರು ಹೋಗುತ್ತದೆ, ಅಲ್ಲಿಯವರೆಗೆ ಮರ ಕುಗ್ಗುವುದಿಲ್ಲ. ಸುಮಾರು 28-30 ಶೇಕಡಾಕ್ಕೆ ಇಳಿದ ಮೇಲೆ ಗೋಡೆಯ ನೀರಿಗೆ ಕೈ ಬೀಳುತ್ತದೆ. ಕುಗ್ಗುವುದು ಅಲ್ಲಿಂದ.

ಬಿಸಿ ಮಾಡುವ ಕಿತಾಪತಿ ಇಲ್ಲೇ ಇರುವುದು. 25 ಡಿಗ್ರಿಯಲ್ಲಿ 60 ಶೇಕಡಾ ತೇವ ಇದ್ದ ಅದೇ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿ. ಒಂದು ಹನಿ ನೀರನ್ನೂ ತೆಗೆಯಬೇಡಿ. ಆದರೂ ಅದರ ತೇವ 8 ಶೇಕಡಾದ ಆಸುಪಾಸಿಗೆ ಬೀಳುತ್ತದೆ. ಯಾಕೆಂದರೆ ಬಿಸಿ ಗಾಳಿ ಹಿಡಿಯಬಲ್ಲ ನೀರು ಎಷ್ಟೋ ಪಟ್ಟು ಜಾಸ್ತಿ. ಮರದ ಪಾಲಿಗೆ ಅದು ಮರುಭೂಮಿ. ಹೊರಗೆ ಬೆಂಗಳೂರು, ತೂತಿನೊಳಗೆ ರಾಜಸ್ಥಾನ, ನಡುವೆ 19 ಮಿಲಿಮೀಟರ್ ಮರ. ಒಳಗಿನ ಪದರ ಒಣಗಿ ಕುಗ್ಗಲು ನೋಡುತ್ತದೆ. ಹೊರಗಿನ ಪದರ ಇನ್ನೂ ತೇವದಲ್ಲಿದೆ, ಜಗ್ಗುವುದಿಲ್ಲ. ಆ ಎಳೆದಾಟದಲ್ಲಿ ಒಳಗಿನಿಂದ ಸೀಳು ಹುಟ್ಟುತ್ತದೆ. ಮೇಲಿನ ಮುಖದಲ್ಲೇ ಮೊದಲು ಕಾಣುವುದಕ್ಕೂ ಕಾರಣ ಇದೆ. ಅಲ್ಲಿ ಮರದ ಎಳೆಗಳು ಕತ್ತರಿಸಿದ ಕೊಳವೆಗಳ ಹಾಗೆ ಬಾಯಿ ತೆರೆದಿರುತ್ತವೆ. ಬದಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೇಗ ಅಲ್ಲಿಂದ ನೀರು ಹೊರಟುಹೋಗುತ್ತದೆ. ಟಿಂಬರ್ ಡಿಪೋದಲ್ಲಿ ದಿಮ್ಮಿಯ ತುದಿಗೆ ಬಣ್ಣ ಬಳಿಯುವುದು, ಹಳ್ಳಿಯಲ್ಲಿ ಸಗಣಿ ಮೆತ್ತುವುದು ಯಾಕೆ ಅಂತ ಗೊತ್ತಲ್ಲ, ಅದೇ ವಿಷಯ. ವೇಪರೈಜರಿನಲ್ಲಿ ಆ ತೆರೆದ ತುದಿಯೇ ಎಲ್ಲಕ್ಕಿಂತ ಬಿಸಿ ಜಾಗ. ಕೆಟ್ಟ ಜೋಡಿ.

ಇಷ್ಟೇ ಆಗಿದ್ದರೆ ನಿಧಾನವಾಗಿ ಕಾಯಿಸಿ ಬಚಾವಾಗಬಹುದಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಕೊಂಬೆಯ ತುಂಡಿಗೆ ಮೊದಲ ಎರಡು ದಿನ 5 ವೋಲ್ಟ್ ಮಾತ್ರ ಕೊಟ್ಟೆ. ಆಮೇಲೆ 12. ಮೂರನೆಯ ರಾತ್ರಿ ಊಟ ಮಾಡುತ್ತಿದ್ದಾಗ ಒಳಗಿನ ಕೋಣೆಯಿಂದ 'ಟಕ್' ಅಂತ ಕೇಳಿಸಿತು. ಬೆರಳು ಮುರಿದ ಹಾಗೆ. ಹೋಗಿ ನೋಡಿದರೆ ಗೀರು ಬಿದ್ದಿತ್ತು. ಎರಡು ವಾರದಲ್ಲಿ ಅದು ಒಂದೂವರೆ ಮಿಲಿಮೀಟರ್ ಅಗಲವಾಯಿತು. ನಾಲ್ಕು ಕಾರ್ಡ್ ಅಂದೆನಲ್ಲ, ಅದು ಆಗ. ಹಲಗೆಯ ತುಂಡು ಮಾತ್ರ ಸೀಳಲಿಲ್ಲ. ಅಷ್ಟೇ ಬಿಸಿ, ಅಷ್ಟೇ ದಿನ.

ವ್ಯತ್ಯಾಸ ತಿರುಳಿನದು. ಮರ ಎಲ್ಲ ದಿಕ್ಕಿಗೂ ಒಂದೇ ಥರ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ಉಂಗುರಗಳ ಗುಂಟ, ಅಂದರೆ ಸುತ್ತಳತೆಯಲ್ಲಿ, ಅದರ ಸುಮಾರು ಎರಡರಷ್ಟು. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ತಿರುಳಿನ ದಿಕ್ಕಿಗೆ 2.5 ಶೇಕಡಾ ಕುಗ್ಗಿದರೆ, ಉಂಗುರದ ದಿಕ್ಕಿಗೆ 5.8 ಕುಗ್ಗುತ್ತದೆ. ಈಗ ತಿರುಳು ನಡುವಿರುವ ಗುಂಡು ತುಂಡನ್ನು ನೆನೆಸಿಕೊಳ್ಳಿ. ಸುತ್ತಳತೆ ಇಷ್ಟು ಕಮ್ಮಿಯಾಗಬೇಕು ಅನ್ನುತ್ತದೆ, ವ್ಯಾಸ ಅಷ್ಟು ಕಮ್ಮಿಯಾಗಲು ಒಪ್ಪುವುದಿಲ್ಲ. ಸೊಂಟಕ್ಕಿಂತ ಪಂಚೆ ಚಿಕ್ಕದಾದರೆ ಎರಡು ಅಂಚು ಕೂಡುತ್ತವಾ? ಎಲ್ಲಾದರೂ ಒಂದು ಕಡೆ ತೆರೆಯಲೇಬೇಕು. ನಿಧಾನವಾಗಿ ಒಣಗಿಸಿದರೂ ಅಷ್ಟೇ. ನನ್ನ 60 ಮಿಲಿಮೀಟರ್ ತುಂಡಿಗೆ ಈ ಅಂಕಿಗಳಿಂದ ಲೆಕ್ಕ ಹಾಕಿದರೆ ಒಂದೂವರೆ ಮಿಲಿಮೀಟರೇ ಬರುತ್ತದೆ. ಲೆಕ್ಕವೂ ಕಾರ್ಡೂ ಇಷ್ಟು ಚೆನ್ನಾಗಿ ತಾಳೆಯಾಗಿದ್ದು ಅದೃಷ್ಟ ಅಂತಿಟ್ಟುಕೊಳ್ಳಿ.

ಹಾಗಾದರೆ ಹಲಗೆಯ ತುಂಡು ಏನು ಮಾಡಿತು? ಅದರಲ್ಲಿ ಉಂಗುರಗಳು ತೂತನ್ನು ಸುತ್ತುವುದಿಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗುತ್ತವೆ. ಹಾಗಾಗಿ ಅದಕ್ಕೆ ತಪ್ಪಿಸಿಕೊಳ್ಳಲು ದಾರಿ ಇತ್ತು. ಅದು ಮೊಟ್ಟೆಯಾಯಿತು. ವರ್ನಿಯರ್ ಹಿಡಿದು ಅಳೆದೆ. ಒಂದು ದಿಕ್ಕಿಗೆ 59.6, ಅಡ್ಡ ದಿಕ್ಕಿಗೆ 59.1. ಕಣ್ಣಿಗೆ ಗುಂಡಗೇ ಕಾಣುತ್ತದೆ, ಬೆರಳಿಗೂ ಗೊತ್ತಾಗುವುದಿಲ್ಲ. ತೂತು ಕೂಡ ಹಾಗೇ ಮೊಟ್ಟೆಯಾಗಿತ್ತು. ಆದರೆ ಸೀಳಿಲ್ಲ.

ಮರದ ಜಾತಿಯ ವಿಷಯಕ್ಕೆ ಬಂದರೆ, ನಮ್ಮ ಬೀಟೆ ಮತ್ತು ತೇಗ ಇದಕ್ಕೆ ಹೇಳಿ ಮಾಡಿಸಿದಂಥವು. ಬೀಟೆ ತಿರುಳಿನ ದಿಕ್ಕಿಗೆ 2.7 ಶೇಕಡಾ, ಉಂಗುರದ ದಿಕ್ಕಿಗೆ 5.8 ಕುಗ್ಗುತ್ತದೆ. ಇದೇ ಲೆಕ್ಕದಲ್ಲಿ ಉಳಿದವು: ಅಮೆರಿಕದ ಚೆರ್ರಿ 3.7 ಮತ್ತು 7.1. ಗಟ್ಟಿ ಮೇಪಲ್ 4.8 ಮತ್ತು 9.9. ಬಿಳಿ ಓಕ್ 5.6 ಮತ್ತು 10.5. ವಾಲ್‌ನಟ್ ಸ್ವಲ್ಪ ವಿಚಿತ್ರ. ಅದು ಕುಗ್ಗುವುದು ಜಾಸ್ತಿಯೇ, 5.5 ಮತ್ತು 7.8. ಆದರೆ ಎರಡು ದಿಕ್ಕಿನ ನಡುವಿನ ಅಂತರ ಕಡಿಮೆ. ಸೀಳಿಸುವುದು ಆ ಅಂತರವೇ. ಮರ ಗಟ್ಟಿ ಇದ್ದರೆ ಸೀಳುವುದಿಲ್ಲ ಅನ್ನುವುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಮೇಪಲ್ ತೇಗಕ್ಕಿಂತ ಗಟ್ಟಿ. ನೆರೆಯವರದ್ದು ಮೇಪಲ್.

ಅವರ ಕಥೆಗೆ ವಾಪಸ್ ಬರೋಣ. ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಒಣ ಹವೆ. ಚಳಿಗಾಲದಲ್ಲಿ ಹೊರಗಿನ ತಣ್ಣನೆಯ ಗಾಳಿಯನ್ನು ಮನೆಯೊಳಗೆ ತಂದು ಕಾಯಿಸುತ್ತಾರೆ, ಆಗ ತೇವ ಇನ್ನೂ ಬೀಳುತ್ತದೆ. ನನ್ನ ತುಟಿ ಒಡೆದು ರಕ್ತ ಬರುತ್ತಿತ್ತು. ಮಳೆಯ ಊರಿನಲ್ಲಿ ಕಡೆದ ಮೇಪಲ್ ಅಲ್ಲಿಗೆ ಬಂದರೆ, ಪ್ಲಗ್ ಹಾಕದಿದ್ದರೂ ಕುಗ್ಗುತ್ತಿತ್ತು. ಹೀಟರ್ ಆ ಕೆಲಸ ಮುಗಿಸಿಕೊಟ್ಟಿತು. ಅದರ ಮೇಲೆ ಇನ್ನೊಂದು ತಪ್ಪಾಗಿತ್ತು. ಲೋಹದ ಕೊಳವೆಯನ್ನು ತೂತಿಗೆ ಬಿಗಿಯಾಗಿ ಬಡಿದು ಕೂರಿಸಿದ್ದರು. ಮರದ ತೂತು ಸಣ್ಣಗಾಗುತ್ತದೆ, ಲೋಹ ಆಗುವುದಿಲ್ಲ. ಉಂಗುರ ಬಿಗಿಯಾದ ಬೆರಳು ಊದಿದ ಹಾಗೆ, ಆದರೆ ಇಲ್ಲಿ ಉಂಗುರಕ್ಕೇ ಪೆಟ್ಟು. 22 ಮಿಲಿಮೀಟರ್ ತೂತು ನನ್ನ ಲೆಕ್ಕದಲ್ಲಿ 0.3 ಮಿಲಿಮೀಟರ್ ಕಿರಿದಾಗುತ್ತದೆ. ಸುತ್ತಲೂ ಅರ್ಧ ಮಿಲಿಮೀಟರ್ ಗಾಳಿ ಬಿಟ್ಟು, ಕೊಳವೆಯನ್ನು ಬುಡದಲ್ಲಿ ಮಾತ್ರ ಹಿಡಿದಿಟ್ಟಿದ್ದರೆ ಅದು ತಪ್ಪುತ್ತಿತ್ತು. ಗಾಳಿಯ ಪದರ ಇದ್ದರೆ ಮರಕ್ಕೆ ತಾಗುವ ಬಿಸಿಯೂ ಕಡಿಮೆ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಆಚಾರ್ರೊಬ್ಬರು ಕೈ ಎತ್ತಿದರು. 'ಎತ್ತಿನ ಗಾಡಿ ಗಾಲಿಯ ಗುಂಬಕ್ಕೆ ಎರಡೂ ತುದಿಗೆ ಕಬ್ಬಿಣದ ಬಳೆ ಹಾಕ್ತಿದ್ವಲ್ಲ ಸ್ವಾಮಿ, ಅದೂ ತೂತು ಇರೋ ಮರವೇ. ಬಳೆ ಹಾಕಿದ್ರೆ ಆಗಲ್ವಾ?' ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆಚಾರ್ರೇ, ಬಳೆ ಹೊರಗಿನಿಂದ ಬಿಗಿ ಹಿಡಿಯುತ್ತದೆ, ಮರ ಉಬ್ಬಿರುವವರೆಗೆ. ಒಣಗಿ ಕುಗ್ಗಿದ ದಿನ ಬಳೆಯೇ ಸಡಿಲ. ಬೇಸಿಗೆಯಲ್ಲಿ ಗಾಲಿಯ ಪಟ್ಟಿ ಕಳಚಿಕೊಳ್ಳುತ್ತದೆ ಅಂತ ಗಾಡಿಯನ್ನು ಕೆರೆಗೆ ಇಳಿಸಿ ನೆನೆಸುತ್ತಿದ್ದಿರಲ್ಲ? ವೇಪರೈಜರನ್ನು ಕೆರೆಗೆ ಇಳಿಸುವ ಹಾಗಿಲ್ಲ. ಅವರು ನಕ್ಕರು, 'ಅದೂ ಹೌದು' ಅಂದರು.

ನೆನೆಸುವ ಮಾತು ಬಂದಿದ್ದರಿಂದ ಒಂದು ಹೇಳಬೇಕು. ಕೊಡಲಿಯ ಕಾವು ಸಡಿಲವಾದರೆ ರಾತ್ರಿ ನೀರಿನಲ್ಲಿ ಇಡುತ್ತೇವೆ. ಬೆಳಿಗ್ಗೆ ಬಿಗಿ. ವಾರ ಕಳೆದರೆ ಮೊದಲಿಗಿಂತ ಸಡಿಲ. ಯಾಕೆಂದರೆ ಉಬ್ಬಲು ಜಾಗವಿಲ್ಲದೆ ಮರದ ಕೋಶಗಳು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತವೆ. ಒಣಗಿದ ಮೇಲೆ ಆ ಜಜ್ಜಿದ್ದು ವಾಪಸ್ ಬರುವುದಿಲ್ಲ. ಲೋಹದ ಜೊತೆ ಬಿಗಿಯಾಗಿ ಜೋಡಿಸಿದ ಮರದ ಸಾಧನವನ್ನು ದಿನಾ ಹಾಕಿ, ಆರಿಸಿ, ಹಾಕಿ, ಆರಿಸಿ ಮಾಡಿದರೆ ಆಗುವುದೂ ಇದೇ. ಲಾಗ್ ಬಳಸುವವರಲ್ಲಿ ಅನೇಕರು ಅದನ್ನು ಆರಿಸುವುದೇ ಇಲ್ಲ, ಹಗಲುರಾತ್ರಿ ಪ್ಲಗ್‌ನಲ್ಲೇ ಇರುತ್ತದೆ. ಮರದ ದೃಷ್ಟಿಯಿಂದ ಅದು ವಾಸಿ. ಮನೆಗೆ ಬೆಂಕಿ ಬೀಳುವ ದೃಷ್ಟಿಯಿಂದ ನನಗೆ ಇಷ್ಟವಿಲ್ಲ.

ಮೇಲೆ ಏನು ಬಳಿಯಬೇಕು ಅನ್ನುವುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ನನ್ನ ಮಟ್ಟಿಗೆ ಅದು ಕೊನೆಯದು. ಎಣ್ಣೆ ನೀರಾವಿಯನ್ನು ತಡೆಯುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ. ಚನ್ನಪಟ್ಟಣದ ಅರಗಿನ ಬಣ್ಣ ಎಷ್ಟು ಚಂದ ಇದ್ದರೂ ಇಲ್ಲಿ ಬೇಡ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತದೆ. ಅಲ್ಲಿನ ಕುಶಲತೆಯೇ ಅದು. 65-70 ಡಿಗ್ರಿಗೆ ಮೆತ್ತಗಾಗುವ ವಸ್ತುವನ್ನು ಹೀಟರಿನ ಪಕ್ಕ ಇಟ್ಟರೆ ಅಂಟಂಟು. ಬಿಳಿ ಗೋಂದು ಕೂಡ ಬಿಸಿಗೆ ಮೆತ್ತಗಾಗುತ್ತದೆ. ಪೆಟ್ಟಿಗೆ ಮಾದರಿಯಲ್ಲಿ ಹಲಗೆ ಸೀಳುವುದಕ್ಕಿಂತ ಮೂಲೆಯ ಜೋಡಣೆ ಬಾಯಿ ಬಿಡುವುದು ಜಾಸ್ತಿ, ಅದಕ್ಕೆ ಇದೂ ಒಂದು ಕಾರಣ. ಉಸಿರಿಗೆ ಹೋಗುವ ಗಾಳಿ ತಾಗುವ ಜಾಗದಲ್ಲಂತೂ ಯಾವ ಪಾಲಿಶೂ ಇರಬಾರದು. ಅಗಸೆ ಎಣ್ಣೆ ಹಚ್ಚುವವರಿಗೆ ಇನ್ನೊಂದು ಮಾತು: ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಸೀಳಿದರೆ ಅಪಾಯವಾ? ಗಾಳಿಯ ದಾರಿ ಪೂರ್ತಿ ಲೋಹ, ಗಾಜಿನದಾಗಿದ್ದರೆ ಮರ ಬರೀ ಅಂಗಿ. ಅಂಗಿ ಹರಿದರೆ ಕೆಲಸ ನಿಲ್ಲುವುದಿಲ್ಲ. ನೋಡಬೇಕಾದದ್ದು ಬಣ್ಣ. 65 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ತಿಂಗಳುಗಟ್ಟಲೆ ಇದ್ದ ಮರ ಕಸುವು ಕಳೆದುಕೊಳ್ಳುತ್ತದೆ, ಅದು ವಾಪಸ್ ಬರುವುದಿಲ್ಲ. ನನ್ನ ತುಂಡಿನ ತೂತಿನೊಳಗೆ ಬೆಲ್ಲದ ಬಣ್ಣ ಬಂದಿದೆ. ಬೆಲ್ಲದ ಬಣ್ಣ ಕಾಫಿಪುಡಿಯ ಬಣ್ಣವಾಗಿ, ಸುಟ್ಟ ವಾಸನೆ ಬಂದರೆ ಪ್ಲಗ್ ತೆಗೆದು ಮರದ ಮೈಯನ್ನೇ ಬದಲಿಸಬೇಕು. ಸೀಳು ಇರಲಿ ಬಿಡಲಿ.

ನೆರೆಯವರ ಸಾಧನಕ್ಕೆ ನಾನು ಮಾಡಿದ್ದು ಇಷ್ಟು. ಕೊಳವೆ ಹೊರತೆಗೆದು, ತೂತನ್ನು ಒಂದು ಮಿಲಿಮೀಟರ್ ದೊಡ್ಡದು ಮಾಡಿದೆ. ಸೀಳನ್ನು ಸಣ್ಣ ಗರಗಸದಿಂದ ನೇರ ಮಾಡಿ, ಒಂದೇ ಅಗಲದ ಗೆರೆಯಾಗಿಸಿದೆ. ಅದು ಹಿಂದೆ, ವೈರ್ ಬರುವ ಕಡೆ ನಿಲ್ಲುವ ಹಾಗೆ ತಿರುಗಿಸಿ ಕೂರಿಸಿದೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಜಪಾನಿನ ಬಡಗಿಗಳು ತಿರುಳಿರುವ ಮರದಲ್ಲಿ ಮನೆಯ ಕಂಬ ಮಾಡುವಾಗ, ಗೋಡೆಯ ಕಡೆಗೆ ಬರುವ ಮುಖದಲ್ಲಿ ತಿರುಳಿನವರೆಗೆ ಉದ್ದಕ್ಕೂ ಒಂದು ಸೀಳು ತಾವೇ ಕೊಯ್ದುಬಿಡುತ್ತಾರೆ. 'ಸೆವಾರಿ' ಅನ್ನುತ್ತಾರೆ, ಬೆನ್ನು ಸೀಳುವುದು ಅಂತ ಅರ್ಥ. ಮರ ಆಮೇಲೆ ಎಷ್ಟು ಕುಗ್ಗಿದರೂ ಆ ಸೀಳು ಅಗಲವಾಗುತ್ತದೆ, ಉಳಿದ ಮೂರು ಮುಖ ಹಾಗೇ ಇರುತ್ತವೆ. ನೆರೆಯವರು ಮೊದಲು ಮುಖ ಸಣ್ಣಗೆ ಮಾಡಿದರು. ರಿಪೇರಿಗೆ ಕೊಟ್ಟರೆ ಸೀಳು ದೊಡ್ಡದಾಗಿ ವಾಪಸ್ ಬಂತಲ್ಲ ಅಂತ. ನಾನು ಡೆನ್ವರ್ ಬಿಡುವವರೆಗೆ ಎರಡನೆಯ ಸೀಳು ಬಂದಿರಲಿಲ್ಲ.

ಕೊನೆಯಲ್ಲಿ ಒಬ್ಬ ಹುಡುಗಿ ಕೈಯಲ್ಲಿ ಕೊಂಬೆಯ ತುಂಡು ಹಿಡಿದುಕೊಂಡು ಎದ್ದು ನಿಂತಳು. 'ಸರ್, ಒಂದು ಕಾರ್ಡೂ ಹೋಗ್ತಿಲ್ಲ. ಪೂರ್ತಿ ಮುಚ್ಚಿಕೊಂಡಿದೆ. ಈಗಲೇ ಗೋಂದು ಹಾಕಿ ಕಟ್ಟಿಬಿಟ್ಟರೆ ಆಯ್ತಲ್ವಾ?'

ಪ್ಲಗ್ ತೆಗೆದು ಐದು ತಿಂಗಳಾಗಿದೆ, ಹೊರಗೆ ಮಳೆ. ಹೋದ ಎರಡು ಚಮಚ ನೀರನ್ನು ಅದು ಬಡ್ಡಿ ಸಮೇತ ಕುಡಿದು ಕೂತಿದೆ. ಹೋದ ವರ್ಷದ ಮಳೆಗಾಲದಲ್ಲಿ ಇಂಥದ್ದೇ ಸೀಳಿದ ಇನ್ನೊಂದು ತುಂಡಿಗೆ ನನಗೂ ಅದೇ ಆಸೆ ಬಂದಿತ್ತು. ಎರಡು ಭಾಗ ಬೆರೆಸುವ ಎಪಾಕ್ಸಿ ತುಂಬಿ, ಕ್ಲಾಂಪ್ ಹಾಕಿ, ಎರಡು ದಿನ ಬಿಟ್ಟು ಉಜ್ಜಿದೆ. ಗೆರೆಯೇ ಕಾಣದ ಹಾಗೆ ಬಂದಿತ್ತು. ಹೀಟರ್ ಹಾಕಿದೆ. ಚೀಲದಲ್ಲಿದೆ, ಇಗೋ, ಇದನ್ನೂ ದಾಟಿಸಿ. ಎಪಾಕ್ಸಿ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದೆ. ಅದರಿಂದ ಮೂರು ಮಿಲಿಮೀಟರ್ ಪಕ್ಕಕ್ಕೆ ನೋಡಿ.